ಚೀಲ ಸುರಿಯುವ ಪಾಠ

ತಂಗಿ ತರಗತಿಗೆ ಕಾಲಿಟ್ಟ ಮೊದಲ ದಿನವೇ ಕಪ್ಪುಹಲಗೆಯ ನಟ್ಟನಡುವೆ ಮೇಲಿನಿಂದ ಕೆಳಗಿನವರೆಗೆ ಸೀಮೆಸುಣ್ಣದ ಒಂದು ಗೆರೆ ಎಳೆದಳು. ಎಡಗಡೆ ಅಕ್ಕನದು, ಬಲಗಡೆ ತನ್ನದು. ಮೊದಲ ಇಪ್ಪತ್ತೈದು ನಿಮಿಷ ಅಕ್ಕ ತನ್ನ ಜೀವಶಾಸ್ತ್ರವನ್ನು ಎಂದಿನಂತೆ ತಾಯಿಭಾಷೆಯಲ್ಲೇ ಹೇಳಬೇಕು. ಉಳಿದ ಹದಿನೈದು ನಿಮಿಷ ತಂಗಿ ಅದೇ ಪಾಠವನ್ನು ಇಂಗ್ಲಿಷಿಗೆ ತಂದು ಮಕ್ಕಳ ಬಾಯಿಂದ ಹೇಳಿಸಬೇಕು. ಮುಂದಿನ ವರ್ಷ ಕಾಲೇಜಿನಲ್ಲಿ ಎಲ್ಲವೂ ಇಂಗ್ಲಿಷಿನಲ್ಲೇ ನಡೆಯುವಾಗ ಮಕ್ಕಳು ಕಕ್ಕಾಬಿಕ್ಕಿಯಾಗಬಾರದು ಎಂದು ಹೆಡ್ಮಾಸ್ಟರು ಮಾಡಿದ ಏರ್ಪಾಡು ಅದು. ಅದರಲ್ಲಿ ತಪ್ಪು ಹುಡುಕಲು ಏನೂ ಇರಲಿಲ್ಲ. ಅಕ್ಕನ ಸಂಕಟವೇ ಅದು. ತಪ್ಪಿದ್ದಿದ್ದರೆ ನಾಲ್ಕು ಮಾತು ಜಗಳವಾಡಿ ಹಗುರಾಗಬಹುದಿತ್ತು.

ಇಪ್ಪತ್ತೆರಡು ವರ್ಷದಿಂದ ಆ ಹಲಗೆ ಇಡಿಯಾಗಿ ಅವಳದಾಗಿತ್ತು. ಮನುಷ್ಯನ ದೇಹವನ್ನು ತಲೆಯಿಂದ ಪಾದದವರೆಗೆ ಒಂದೇ ಉಸಿರಿನಲ್ಲಿ ಬರೆಯುತ್ತಿದ್ದ ಕೈ ಅದು. ಈಗ ಅರ್ಧ ಹಲಗೆಯಲ್ಲಿ ಜಠರ ಬರೆದರೆ ಕರುಳಿಗೆ ಜಾಗ ಸಾಲುತ್ತಿರಲಿಲ್ಲ. ಕರುಳನ್ನು ಸುರುಳಿ ಸುತ್ತಿ ಸುತ್ತಿ ಗೆರೆಯ ಅಂಚಿಗೆ ತಂದು ನಿಲ್ಲಿಸುವಾಗ, ಆಚೆ ಬದಿಯಲ್ಲಿ ಖಾಲಿ ಬಿದ್ದಿರುವ ಜಾಗವನ್ನು ನೋಡಿ ಅವಳಿಗೆ ಮೈಯೆಲ್ಲ ಪರಚಿಕೊಳ್ಳುವಂತಾಗುತ್ತಿತ್ತು.

ಬೇರೆ ಯಾರಾದರೂ ಬಂದು ಗೆರೆ ಎಳೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ. ಬಂದವಳು ಒಡಹುಟ್ಟಿದವಳು, ಹನ್ನೆರಡು ವರ್ಷ ಚಿಕ್ಕವಳು, ಮನೆಯಲ್ಲಿ ಇವತ್ತಿಗೂ ‘ಪುಟ್ಟಿ’. ಹತ್ತು ವರ್ಷ ಊರೂರು ಸುತ್ತಿ ಇಂಗ್ಲಿಷ್ ಕಲಿಸಿ, ಕೂದಲು ಭುಜದವರೆಗೆ ಕತ್ತರಿಸಿಕೊಂಡು ವಾಪಸು ಬಂದಿದ್ದಳು. ಅಕ್ಕ ಒಳಗೆ ಬಂದರೆ ಮಕ್ಕಳು ದಡಬಡ ಎದ್ದು ನಿಲ್ಲುತ್ತಿದ್ದರು. ತಂಗಿ ಬಂದರೆ ಎದ್ದು ನಿಲ್ಲುವುದನ್ನೇ ಮರೆತು ನಗುತ್ತಿದ್ದರು. ಇವೆರಡರಲ್ಲಿ ಯಾವುದು ದೊಡ್ಡದು ಎಂದು ಅಕ್ಕನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹೋಗಲಿ, ಮನೆಯಲ್ಲಾದರೂ ನೆಮ್ಮದಿ ಇತ್ತೇ? ಅಮ್ಮ ಇರುವುದು ಅಕ್ಕನ ಮನೆಯಲ್ಲಿ. ಔಷಧಿ, ಕನ್ನಡಕ, ಮೊಣಕಾಲು ನೋವಿನ ಎಣ್ಣೆ, ಎಲ್ಲವೂ ಅಕ್ಕನ ಕೈಯದು. ಶಾಲೆಯ ಹತ್ತಿರ ಕೋಣೆ ಹಿಡಿದಿದ್ದ ಪುಟ್ಟಿ ಭಾನುವಾರ ಊಟಕ್ಕೆ ಬಂದು, ಕಾಲು ಚಾಚಿ ಕೂತು, ಎರಡು ಗಂಟೆ ಹರಟಿ ಹೋಗುತ್ತಿದ್ದಳು. ಅವಳು ಹೋದ ಮೇಲೆ ಅಮ್ಮ ಹೇಳುವುದು ಒಂದೇ ಮಾತು.

“ಪುಟ್ಟಿ ಬಂದ್ಮೇಲೆ ನಿಮ್ಮ ಸ್ಕೂಲಿಗೊಂದು ಕಳೆ ಬಂದಿದೆಯಂತೆ ಕಣೇ. ಎದುರು ಮನೆಯವರು ಹೇಳ್ತಿದ್ರು.”

“ಅಲ್ಲಿವರೆಗೆ ಏನು, ಕತ್ತಲೆಯಲ್ಲಿತ್ತಾ?”

“ನಾನೇನಂದೆ ಈಗ? ನಿನಗೆ ಮುಟ್ಟಿದ್ರೆ ಮುನಿಸು.”

ಅಕ್ಕನ ಕೈಯಲ್ಲಿ ಪಾತ್ರೆಗಳು ಆಗ ಕೊಂಚ ಜೋರಾಗಿಯೇ ಸದ್ದು ಮಾಡುತ್ತಿದ್ದವು.

ಇದರ ಬೇರು ಬಹಳ ಹಿಂದಿನದು. ಅಕ್ಕ ಶಾಲೆಗೇ ಮೊದಲಿಗಳಾಗಿ ಪಾಸಾದವಳು. ಕಾಲೇಜು ಸೇರಿದ ಮೊದಲ ದಿನ ಪ್ರೊಫೆಸರು ಬಾಯಿ ತೆರೆದರು. ಅವಳ ಬಾಯಿ ಆವತ್ತೇ ಮುಚ್ಚಿತು. ಇಡೀ ವರ್ಷ, ಕಿವಿಗೆ ಬಿದ್ದ ಇಂಗ್ಲಿಷನ್ನೆಲ್ಲ ತನ್ನ ಲಿಪಿಯಲ್ಲೇ ಗೀಚಿಕೊಂಡು ಬಂದು ಮನೆಯಲ್ಲಿ ಓದಲು ಕೂತರೆ ತನ್ನ ಕೈಬರಹವೇ ತನಗೆ ಅರ್ಥವಾಗುತ್ತಿರಲಿಲ್ಲ. ವಿಷಯ ಗೊತ್ತಿತ್ತು, ಹೇಳಲು ಬರಲಿಲ್ಲ. ಫೇಲಾಗಿ ಮನೆಗೆ ಬಂದು, ಆಮೇಲೆ ಅಂಚೆಯಲ್ಲಿ ಪಾಠ ತರಿಸಿಕೊಂಡು ತಾಯಿಭಾಷೆಯಲ್ಲೇ ಪದವಿ ಮುಗಿಸಿ ಟೀಚರಾದಳು. ಅಪ್ಪ ಆ ವರ್ಷವೇ ಹಟ ತೊಟ್ಟರು: “ದೊಡ್ಡವಳಿಗೆ ಆದ ಹಾಗೆ ಪುಟ್ಟಿಗೆ ಆಗಬಾರದು.” ಏಳು ವರ್ಷದ ಪುಟ್ಟಿಗೆ ಇಂಗ್ಲಿಷ್ ಪಾಠ ಗೊತ್ತುಮಾಡಿದರು. ಟೈಲರ್ ಅಂಗಡಿಯ ಮೇಲಿನ ಕೋಣೆ, ವಾರಕ್ಕೆ ಮೂರು ಸಂಜೆ. ಕೈ ಹಿಡಿದು ಕರೆದುಕೊಂಡು ಹೋಗಿ, ಮೆಟ್ಟಿಲ ಮೇಲೆ ಕೂತು ಕಾದು, ಮತ್ತೆ ಕೈ ಹಿಡಿದು ಕರೆತರುವ ಕೆಲಸ ಯಾರದು? ಫೇಲಾಗಿ ಮನೆಯಲ್ಲಿದ್ದ ದೊಡ್ಡವಳದು. ಕೆಳಗೆ ಹೊಲಿಗೆ ಯಂತ್ರ ಕಟಕಟ ಎನ್ನುತ್ತಿತ್ತು, ಮೇಲೆ ಮಕ್ಕಳು ಒಕ್ಕೊರಲಿನಲ್ಲಿ ಏನೋ ಹೇಳುತ್ತಿದ್ದರು. ತಾನು ಬಿದ್ದ ಗುಂಡಿಯನ್ನು ನೋಡಿಕೊಂಡು ಅವಳಿಗೆ ದಾರಿ ಮಾಡಿಕೊಟ್ಟರು ಎಂಬ ಮಾತು ಆವತ್ತು ಅವಳ ಎದೆಯಲ್ಲಿ ಕೂತದ್ದು ಇನ್ನೂ ಎದ್ದಿರಲಿಲ್ಲ.

ಜೋಡಿ ಪಾಠಕ್ಕೆ ಒಂದು ಕ್ರಮವಿತ್ತು. ಪ್ರತಿ ಶುಕ್ರವಾರ ಸಂಜೆ ಅಕ್ಕ ಮುಂದಿನ ವಾರದ ಪಾಠ ಯಾವುದು, ಅದರಲ್ಲಿ ಬರುವ ಮುಖ್ಯ ಪದಗಳು ಯಾವುವು ಎಂದು ಒಂದು ಚೀಟಿ ಬರೆದು ಸ್ಟಾಫ್ ರೂಮಿನಲ್ಲಿ ತಂಗಿಯ ಡ್ರಾಯರಿಗೆ ಹಾಕಬೇಕು. ತಂಗಿಗೆ ಜೀವಶಾಸ್ತ್ರದ ಗಂಧಗಾಳಿ ಇರಲಿಲ್ಲ. ಚೀಟಿ ನೋಡಿಕೊಂಡೇ ಅವಳು ಶನಿವಾರ, ಭಾನುವಾರ ಕೂತು ತಯಾರಾಗುತ್ತಿದ್ದಳು. ಚೀಟಿಯಿಲ್ಲದೆ ಅವಳ ಆಟ ನಡೆಯುತ್ತಿರಲಿಲ್ಲ. ಇದೊಂದೇ ವಿಷಯ ಅಕ್ಕನಿಗೆ ವಾರಕ್ಕೊಮ್ಮೆ ಸಣ್ಣ ಸಮಾಧಾನ ಕೊಡುತ್ತಿತ್ತು.

ಆ ಶುಕ್ರವಾರ ಅಕ್ಕ ಪ್ರಾಮಾಣಿಕವಾಗಿಯೇ ಚೀಟಿ ಬರೆದಳು. ‘ಪುಟ್ಟಿಗೆ. ಸೋಮವಾರ: ಮೂತ್ರಪಿಂಡ.’ ಕೆಳಗೆ ಹದಿನೇಳು ಪದ. ಬರೆದು ಮುಗಿಸುವ ಹೊತ್ತಿಗೆ ಹೆಡ್ಮಾಸ್ಟರು ಬಾಗಿಲಲ್ಲಿ ಕಾಣಿಸಿಕೊಂಡರು.

“ಮೇಡಂ, ಸೋಮವಾರ ಕಾಲೇಜಿಂದ ಪ್ರೊಫೆಸರಮ್ಮ ಬರ್ತಿದ್ದಾರೆ, ನಿಮ್ಮ ಜೋಡಿ ಪಾಠ ನೋಡೋಕೆ. ಅವರಿಗೆ ಹಿಡಿಸಿದ್ರೆ ಮುಂದಿನ ವರ್ಷ ನಿಮ್ಮ ವಾರದ ಐದು ಪೀರಿಯಡ್ಡಲ್ಲಿ ಎರಡನ್ನ ಪೂರ್ತಿ ನಿಮ್ಮ ತಂಗಿಗೇ ಬಿಟ್ಟುಬಿಡೋಣ ಅಂತ ಇದ್ದೀನಿ. ನಿಮಗೂ ಹೊರೆ ಕಮ್ಮಿಯಾಗುತ್ತೆ.”

ಹೊರೆ ಎಂದು ತಾನು ಯಾವ ಜನ್ಮದಲ್ಲಿ ಹೇಳಿದ್ದೆ? ಅಕ್ಕ ಅದನ್ನು ನುಂಗಿಕೊಂಡು “ಆಗ್ಲಿ ಸರ್” ಎಂದಳು. ಕಾಲೇಜು ಯಾವುದು ಎಂದು ಕೇಳಲಿಲ್ಲ. ಊರಿಗಿದ್ದದ್ದು ಅದೊಂದೇ ಕಾಲೇಜು; ಅವಳು ಬಾಯಿ ಮುಚ್ಚಿಕೊಂಡು ಒಂದು ವರ್ಷ ಕೂತದ್ದು ಅಲ್ಲಿಯೇ.

ಹೆಡ್ಮಾಸ್ಟರು ಹೋದ ಮೇಲೆ ಅವಳು ಬರೆದ ಚೀಟಿಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಇನ್ನೊಂದು ಹಾಳೆ ತೆಗೆದು ಬರೆದಳು: ‘ಪುಟ್ಟಿಗೆ. ಸೋಮವಾರ: ಹೃದಯ.’ ಕೆಳಗೆ ಒಂಬತ್ತು ಪದ. ಅದನ್ನು ಡ್ರಾಯರಿಗೆ ಹಾಕಿದಳು. ಮೊದಲಿನ ಚೀಟಿಯನ್ನು ಹರಿದು ಬಿಸಾಡಬೇಕಿತ್ತು. ಆದರೆ ಟೀಚರ ಕೈ ನೋಡಿ, ಬರೆದ ಹಾಳೆಯನ್ನು ಹರಿಯಲು ಬರುವುದಿಲ್ಲ. ನಾಲ್ಕಾಗಿ ಮಡಚಿ ಹೆಗಲ ಚೀಲಕ್ಕೆ ತುರುಕಿದಳು. ತುರುಕಿದ್ದನ್ನು ಅಲ್ಲಿಯೇ ಮರೆತಳು ಕೂಡ.

ಆ ಚೀಲಕ್ಕೂ ಒಂದು ಕತೆಯಿದೆ. ಮಕ್ಕಳು ಬೆನ್ನ ಹಿಂದೆ ಅವಳನ್ನು ಕರೆಯುತ್ತಿದ್ದದ್ದೇ ‘ಚೀಲದ ಮೇಡಂ’ ಎಂದು. ಮೂತ್ರಪಿಂಡದ ಪಾಠದ ದಿನ ಅವಳು ತನ್ನ ಚೀಲವನ್ನು ಮೇಜಿನ ಮೇಲೆ ತಲೆಕೆಳಗು ಸುರಿಯುತ್ತಿದ್ದಳು. ಆಮೇಲೆ ಒಂದೊಂದೇ ವಸ್ತು ಎತ್ತಿ ಒಳಗಿಡುತ್ತ ಇಡೀ ಅಂಗದ ಕೆಲಸ ವಿವರಿಸುತ್ತಿದ್ದಳು. ಶಾಲೆ ಬಿಟ್ಟು ಹದಿನೈದು ವರ್ಷವಾದವರೂ ಬೀದಿಯಲ್ಲಿ ಸಿಕ್ಕರೆ “ಮೇಡಂ, ಇವತ್ತು ಚೀಲದಲ್ಲಿ ಏನಿದೆ?” ಎಂದು ಕೇಳುತ್ತಿದ್ದರು. ಪ್ರೊಫೆಸರಮ್ಮನ ಮುಂದೆ ತಾನು ಬೆಳಗಬೇಕು, ತಂಗಿ ತಡವರಿಸಬೇಕು: ಅದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿರಲಿಲ್ಲ.

ಸೋಮವಾರ ಬೆಳಿಗ್ಗೆ ತಂಗಿ ಕಂಕುಳಲ್ಲಿ ಸುತ್ತಿದ ದೊಡ್ಡ ಚಾರ್ಟು, ಕೈಯಲ್ಲಿ ಎಲ್ಲಿಂದಲೋ ಎರವಲು ತಂದ ಪ್ಲಾಸ್ಟಿಕ್ ಹೃದಯ ಹಿಡಿದುಕೊಂಡು ಬಂದಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು.

“ಎರಡು ದಿನ ಇದೇ ಕೆಲಸ ಅಕ್ಕ. ನಾಲ್ಕು ಕೋಣೆ, ನಾಲ್ಕು ಕವಾಟ, ಎಲ್ಲ ಬಾಯಿಪಾಠ. ಬೇಕಾದ್ರೆ ಕೇಳು.”

“ಕ್ಲಾಸಲ್ಲೇ ಕೇಳೋಣ ಬಿಡು,” ಎಂದಳು ಅಕ್ಕ. ಒಳಗೊಳಗೇ ಒಂದು ಚಳುಕು ಹಾದುಹೋಯಿತು. ಅದನ್ನು ಅವಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಪ್ರೊಫೆಸರಮ್ಮ ಬಿಳಿಕೂದಲಿನ ಮೆದುಮಾತಿನ ಹೆಂಗಸು. ಹೆಡ್ಮಾಸ್ಟರ ಜೊತೆ ಕಿಟಕಿಯ ಪಕ್ಕ ಕೂತರು. ತಂಗಿ ರೂಢಿಯಂತೆ ಹಿಂದಿನ ಬೆಂಚಿನಲ್ಲಿ, ಹೃದಯವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅಕ್ಕ ಹಲಗೆಯ ಎಡಭಾಗದಲ್ಲಿ ದೊಡ್ಡದಾಗಿ ಬರೆದಳು: ‘ಮೂತ್ರಪಿಂಡ’. ಬರೆದು ತಿರುಗಿ ನೋಡಿದ್ದು ಮಕ್ಕಳನ್ನಲ್ಲ. ತಂಗಿಯ ಮುಖ ಮೊದಲು ಅರ್ಥವಾಗದೆ ಪೆಚ್ಚಾಯಿತು, ಮತ್ತೆ ಬಿಳಿಚಿತು. ಸತ್ಯ ಹೇಳಬೇಕೆಂದರೆ ಅಕ್ಕನ ಹೊಟ್ಟೆಗೆ ತಣ್ಣಗೆ ಹಾಲು ಹೊಯ್ದಂತಾಯಿತು.

ಆವತ್ತಿನ ಹಾಗೆ ಅವಳು ಎಂದೂ ಪಾಠ ಮಾಡಿರಲಿಲ್ಲ.

“ಮೂತ್ರಪಿಂಡ ಕಸ ಹುಡುಕಿ ಎಸೆಯುತ್ತೆ ಅಂದ್ಕೊಂಡಿದ್ದೀರಾ? ಇಲ್ಲ. ಅದಕ್ಕೆ ಹುಡುಕೋಷ್ಟು ಪುರುಸೊತ್ತಿಲ್ಲ. ಮೊದಲು ಎಲ್ಲಾನೂ ಹೊರಗೆ ಸುರಿದುಬಿಡುತ್ತೆ!” ಎಂದು ಚೀಲವನ್ನು ಬುಡಮೇಲು ಮಾಡಿದಳು. ಬೀಗದ ಕೈ, ಬಾಚಣಿಗೆ, ಮಾತ್ರೆಯ ಹಾಳೆ, ಕರವಸ್ತ್ರ, ಒಣಗಿದ ಪೆನ್ನು, ಹಳೆಯ ಬಸ್ ಟಿಕೆಟ್ಟು, ಕಾಗದದ ಚೂರುಗಳು ಮೇಜಿನ ತುಂಬ ಹರಡಿಕೊಂಡವು. ಕೊಡೆ ಮಾತ್ರ ಚೀಲದ ಬಾಯಲ್ಲಿ ಸಿಕ್ಕಿಕೊಂಡಿತು. “ಕೊಡೆ ಯಾಕೆ ಬೀಳಲಿಲ್ಲ? ಅದು ರಕ್ತಕಣ. ದೊಡ್ಡದು. ಸೋಸೋ ಜಾಲರಿಯಲ್ಲಿ ಇಳಿಯಲ್ಲ. ಬಿದ್ದಿದ್ದರಲ್ಲಿ ಬೇಕಾದ್ದನ್ನ ಮೂತ್ರಪಿಂಡ ಒಂದೊಂದೇ ಎತ್ತಿ ಒಳಗಿಟ್ಕೊಳ್ಳುತ್ತೆ. ಸಕ್ಕರೆ, ನೀರು, ಲವಣ. ದಿನಕ್ಕೆ ನೂರೆಂಬತ್ತು ಲೀಟರ್ ಸೋಸಿ ಹೊರಗೆ ಬಿಡೋದು ಒಂದೂವರೆ ಲೀಟರ್. ಹೇಳಿ, ಇಂಥ ಗೃಹಿಣಿ ಯಾರ ಮನೇಲಿದ್ದಾಳೆ?”

ಮಕ್ಕಳು ನಕ್ಕರು. ಪ್ರೊಫೆಸರಮ್ಮನೂ ನಕ್ಕರು. ವಸ್ತುಗಳನ್ನು ಎತ್ತಿ ಒಳಗಿಡುವ ಭಾಗವನ್ನು ಪ್ರತಿವರ್ಷ ಅಕ್ಕ ತಾನೇ ಮಾಡುತ್ತಿದ್ದಳು. ಈ ಸಲ ಬಾಯಲ್ಲಿ ಹೇಳಿ ಅಲ್ಲಿಗೇ ನಿಲ್ಲಿಸಿದಳು. ಗಡಿಯಾರ ನೋಡಿ, ಕೈಯ ಸುಣ್ಣ ಕೊಡವಿ, ರಾಶಿಯನ್ನು ಹಾಗೆಯೇ ಬಿಟ್ಟು, “ಇನ್ನು ಮುಂದೆ ನಿಮ್ಮ ಮಿಸ್ ಮಾಡ್ತಾರೆ” ಎಂದು ಪಕ್ಕಕ್ಕೆ ಸರಿದು ನಿಂತಳು. ಎರಡು ದಿನ ಹೃದಯ ಉರು ಹೊಡೆದವಳು ಈ ರಾಶಿಯ ಮುಂದೆ ಏನು ಮಾಡುತ್ತಾಳೋ ನೋಡೋಣ ಎಂದು.

ತಂಗಿ ಚಾರ್ಟನ್ನೂ ಹೃದಯವನ್ನೂ ಬೆಂಚಿನ ಮೇಲೆ ಬಿಟ್ಟು ಬರಿಗೈಯಲ್ಲಿ ಮುಂದೆ ಬಂದಳು. ಮೇಜಿನ ಬಳಿ ನಿಂತು ರಾಶಿಯನ್ನು ನೋಡಿದಳು. ಅವಳ ದೃಷ್ಟಿ ಒಂದು ಕಡೆ ನಿಂತಿತು. ಅಕ್ಕನೂ ಅತ್ತ ನೋಡಿದಳು. ನಾಲ್ಕಾಗಿ ಮಡಚಿದ್ದ ಹಾಳೆ ಬಿದ್ದ ರಭಸಕ್ಕೆ ಅರ್ಧ ಬಿಚ್ಚಿಕೊಂಡಿತ್ತು. ‘ಪುಟ್ಟಿಗೆ. ಸೋಮವಾರ: ಮೂತ್ರಪಿಂಡ.’

ಅಕ್ಕ ಮೇಜಿನತ್ತ ಒಂದು ಹೆಜ್ಜೆ ಇಟ್ಟು ನಿಂತಳು. ಇಪ್ಪತ್ತೆರಡು ವರ್ಷದಿಂದ ಈ ಪಾಠದ ಹಿಂದಿನ ದಿನ ಚೀಲವನ್ನು ಒಮ್ಮೆ ನೋಡಿ, ಸುರಿಯಬಾರದ್ದನ್ನು ತೆಗೆದಿಡುತ್ತಿದ್ದವಳು, ಈ ಸಲ ಉರಿಯ ಭರದಲ್ಲಿ ಅದೊಂದನ್ನು ಮರೆತಿದ್ದಳು. ಎತ್ತಿಕೊಳ್ಳೋಣವೆಂದರೆ ಇಡೀ ತರಗತಿ ನೋಡುತ್ತಿದೆ.

ತಂಗಿಯೂ ಅದನ್ನು ಎತ್ತಲಿಲ್ಲ. ಗಂಟಲು ಸರಿಮಾಡಿಕೊಂಡು ಮಕ್ಕಳ ಕಡೆ ತಿರುಗಿದಳು. ತಾನು ಓದಿಕೊಂಡು ಬಂದದ್ದು ಹೃದಯ, ಮೂತ್ರಪಿಂಡದ ಬಗ್ಗೆ ತನಗೆ ಏನೇನೂ ಗೊತ್ತಿಲ್ಲ ಎಂದು ಸಲೀಸಾದ ಇಂಗ್ಲಿಷಿನಲ್ಲಿ ಒಪ್ಪಿಕೊಂಡಳು. ಕೊನೆಗೆ ಎರಡೇ ಪದ: “ಟೀಚ್ ಮಿ.”

ಹೆಡ್ಮಾಸ್ಟರು ಕುರ್ಚಿಯಲ್ಲಿ ಮಿಸುಕಾಡಿದರು. ಅಷ್ಟರಲ್ಲಿ ಮೂರನೇ ಬೆಂಚಿನಿಂದ ಒಬ್ಬ ಎತ್ತರದ ಹುಡುಗಿ ಎದ್ದಳು. ಅಕ್ಕನ ಜೀವಶಾಸ್ತ್ರದಲ್ಲಿ ತರಗತಿಗೇ ಮೊದಲಿಗಳು. ತಂಗಿಯ ಹದಿನೈದು ನಿಮಿಷದಲ್ಲಿ ಇದುವರೆಗೆ ತುಟಿ ಬಿಚ್ಚದವಳು. ಮೇಜಿನ ಹತ್ತಿರ ಬಂದು, ಚೀಲ ಹಿಡಿದುಕೊಂಡು, ನಡುಗುವ ದನಿಯಲ್ಲಿ ಶುರು ಮಾಡಿದಳು.

“ಫಸ್ಟ್, ಆಲ್ ಔಟ್. ಅಂಬ್ರೆಲಾ ನೋ ಔಟ್. ಬಿಗ್. ಬ್ಲಡ್ ಸೆಲ್.”

ತಂಗಿ ಏನೂ ತಿಳಿಯದ ಪೆದ್ದಿಯ ಹಾಗೆ ಬಸ್ ಟಿಕೆಟ್ಟನ್ನು ಎತ್ತಿ ಚೀಲಕ್ಕೆ ಹಾಕಲು ಹೋದಳು. “ನೋ ಮಿಸ್! ನೋ! ಯೂರಿಯಾ!” ಎಂದು ಇಡೀ ತರಗತಿ ಕಿರುಚಿತು. ಬೀಗದ ಕೈ ಎತ್ತಿ ಕಸದ ಬುಟ್ಟಿಯತ್ತ ಕೈ ಚಾಚಿದಳು. “ಗ್ಲೂಕೋಸ್ ಮಿಸ್! ಟೇಕ್ ಬ್ಯಾಕ್!” ಯಾಕೆ ಎಂದು ಕೇಳಿದಳು. ಹೇಳಲೇಬೇಕಾಯಿತು, ಹೇಳಿದರು. ಪುಸ್ತಕದ ಹಿಂಬದಿಯ ಪದಪಟ್ಟಿ ತಿರುವಿ ಒಬ್ಬ ‘ಫಿಲ್ಟ್ರೇಶನ್’ ಎಂದ, ಇನ್ನೊಬ್ಬಳು ‘ರೀಅಬ್ಸಾರ್ಪ್ಶನ್’ ಎಂದಳು. ಹೇಳಿದ್ದನ್ನೆಲ್ಲ ತಂಗಿ ಬಲಭಾಗದಲ್ಲಿ ಬರೆಯುತ್ತ ಹೋದಳು. ವ್ಯಾಕರಣ ಮೂಳೆ ಮುರಿದುಕೊಂಡು ಬಿದ್ದಿತ್ತು, ಆದರೆ ವಿಷಯದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಅಕ್ಕ ಗೋಡೆಗೆ ಒರಗಿ ಕೇಳುತ್ತಿದ್ದಳು. ಜಾಲರಿ ತನ್ನದು, ಕೊಡೆ ತನ್ನದು, ನೂರೆಂಬತ್ತು ಲೀಟರು ತನ್ನದು. ಪಾಠ ಅವಳದೇ, ಆದರೆ ಅವಳಿಗೆ ಎಂದೂ ಹೋಗಲಾಗದ ಕಡೆಗೆ ಅದು ಅವಳನ್ನು ಬಿಟ್ಟು ಹೋಗುತ್ತಿತ್ತು. ಖುಷಿಯಾಗಬೇಕಿತ್ತು. ಆಗಲಿಲ್ಲ. ಆ ಎತ್ತರದ ಹುಡುಗಿಯ ಮೇಲೆ ಅವಳಿಗೆ ಹೊಟ್ಟೆಕಿಚ್ಚಾಯಿತು. ತಾನು ಆ ವಯಸ್ಸಿನಲ್ಲಿದ್ದಾಗ ‘ನನಗೆ ಗೊತ್ತಿಲ್ಲ, ನೀನು ಹೇಳಿಕೊಡು’ ಎಂದು ಒಬ್ಬರಾದರೂ ಕೇಳಿದ್ದರೆ!

ಕೊನೆಗೆ ಮೇಜಿನ ಮೇಲೆ ಉಳಿದದ್ದು ಕಸ, ಕಸದ ನಡುವೆ ಆ ಚೀಟಿ. ಹುಡುಗಿ ಅದನ್ನು ಎತ್ತಿದಳು. ಅಕ್ಷರ ಕಂಡು ಗೊಂದಲವಾಯಿತು. ಚೀಲದ ಒಡತಿಯನ್ನೇ ಕೇಳುವುದು ಸರಿಯೆಂದು ಅಕ್ಕನತ್ತ ತಿರುಗಿ, ಆ ಹುರುಪಿನಲ್ಲಿ ಇಂಗ್ಲಿಷಿನಲ್ಲೇ ಕೇಳಿದಳು: “ಮೇಡಂ, ಕೀಪ್ ಆರ್ ಥ್ರೋ?”

ಥ್ರೋ ಎಂದರೆ ಮುಗಿಯಿತು, ಬುಟ್ಟಿಗೆ ಹೋಗುತ್ತದೆ. ತಂಗಿ ಸುಮ್ಮನೆ ನೋಡುತ್ತಿದ್ದಳು. ಸಹಾಯವನ್ನೂ ಮಾಡಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಆ ಕೋಣೆಯಲ್ಲಿ ಒಂದು ಇಂಗ್ಲಿಷ್ ವಾಕ್ಯ ಆಡದವಳು ಬಾಯಿ ತೆರೆದಳು.

“ಗಿವ್,” ಎಂದಳು. ದನಿ ಹೊರಡಲಿಲ್ಲ, ಮತ್ತೊಮ್ಮೆ ಹೇಳಿದಳು. “ಗಿವ್ ಹರ್. ಇಟ್ ಈಸ್ ಹರ್ಸ್.”

ಹುಡುಗಿ ಚೀಟಿಯನ್ನು ತಂಗಿಯ ಕೈಗೆ ಕೊಟ್ಟಳು. ಗಂಟೆ ಹೊಡೆಯಿತು.

ಕಾರಿಡಾರಿನಲ್ಲಿ ಪ್ರೊಫೆಸರಮ್ಮ ಇಬ್ಬರನ್ನೂ ನಿಲ್ಲಿಸಿಕೊಂಡರು. “ನಮ್ಮಲ್ಲಿಗೆ ಬರೋ ಮಕ್ಕಳು ಎಲ್ಲ ಗೊತ್ತಿದ್ದೂ ಬಾಯಿ ಬಿಡಲ್ಲ. ಕೆಲವರು ಹಾಗೇ ಬಿಟ್ಟು ಹೋಗ್ತಾರೆ, ಅವರ ಮುಖ ಕೂಡ ನೆನಪಿರಲ್ಲ. ಪಾಠ ಅಷ್ಟು ಗಟ್ಟಿ ಇದ್ದಿದ್ದಕ್ಕೇ ಇವತ್ತು ಮಾತು ಬಂತು. ಟೀಚರೇ ಗೊತ್ತಿಲ್ಲ ಅಂತ ನಿಲ್ಲೋದು ಯಾರ ಐಡಿಯಾ?”

“ಅಕ್ಕನ್ನೇ ಕೇಳಿ,” ಎಂದಳು ತಂಗಿ. ಆ ಮಾತಿನಲ್ಲಿ ಸಿಹಿ ಇರಲಿಲ್ಲ.

“ಐಡಿಯಾ ಅಲ್ಲ ಮೇಡಂ. ನನ್ನಿಂದ ಆದ ತಪ್ಪು,” ಎಂದಳು ಅಕ್ಕ. ಪ್ರೊಫೆಸರಮ್ಮ ಅದನ್ನು ವಿನಯ ಎಂದುಕೊಂಡರು. ಹೆಡ್ಮಾಸ್ಟರಂತೂ ಉಬ್ಬಿಹೋಗಿದ್ದರು. “ಎರಡು ಪೀರಿಯಡ್ ಬೇರೆ ಮಾಡೋ ಮಾತೇ ಬೇಡ. ಮುಂದಿನ ವರ್ಷ ಐದಕ್ಕೆ ಐದೂ ಇಬ್ಬರೂ ಒಟ್ಟಿಗೇ!” ಎಂದರು. ತೊಲಗಲಿ ಎಂದು ಇಷ್ಟೆಲ್ಲ ಮಾಡಿದರೆ ಐದು ದಿನವೂ ಗಂಟುಬಿದ್ದಳು.

ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ. ತಂಗಿ ಚೀಟಿಯನ್ನು ಮೇಜಿನ ಮೇಲೆ ಬಿಡಿಸಿಟ್ಟಳು.

“ಹದಿನೇಳು ಪದ ಬರೆದಿದ್ದೀಯ. ಹೃದಯಕ್ಕೆ ಒಂಬತ್ತೇ. ನನಗೆ ಆಗ್ಲೇ ಹೊಳೀಬೇಕಿತ್ತು. ಸಿಟ್ಟಿದ್ರೆ ಬೈಬೇಕು ಅಕ್ಕ. ಎರಡೇಟು ಹಾಕು ಬೇಕಾದ್ರೆ. ಮಕ್ಕಳ ಮುಂದೆ ಹೀಗೆ ನಿಲ್ಲಿಸ್ತಾರಾ?”

“ಸಿಟ್ಟಲ್ಲ ಕಣೇ. ಹೊಟ್ಟೆಕಿಚ್ಚು.” ಹೇಳಿದ ಮೇಲೆ ಉಳಿದದ್ದೂ ಹೊರಗೆ ಬಂತು. “ಮಕ್ಕಳು ನಿನ್ನ ನೋಡಿ ನಗ್ತಾರೆ, ಅದಕ್ಕೆ. ಅಮ್ಮನ ಬಾಯಲ್ಲಿ ನೀನೇ, ಅದಕ್ಕೆ. ನಾನು ಮೆಟ್ಟಿಲ ಮೇಲೆ ಕೂತು ಕಾದೆ. ನೀನು ಒಳಗೆ ಕೂತು ಕಲಿತೆ. ನನ್ನನ್ನ ಯಾರು ಕರೆದ್ರು?”

ತಂಗಿ ಅವಳನ್ನೇ ನೋಡಿದಳು.

“ಆ ಟೀಚರ್ ಕರೆದಿದ್ರು ಅಕ್ಕ. ಎರಡು ಸಲ. ನನ್ನನ್ನೇ ಬಾಗಿಲಿಗೆ ಕಳಿಸಿದ್ರು, ಹೊರಗೆ ಯಾಕೆ ಕೂತಿದ್ದಾಳೆ, ಬಂದು ಕೂರೋಕೆ ಹೇಳು ಅಂತ. ನೀನು ಪುಸ್ತಕದಿಂದ ತಲೆ ಎತ್ತಲಿಲ್ಲ. ‘ನಾನೇನು ಚಿಕ್ಕ ಮಗುನಾ, ಹೋಗೇ ಒಳಗೆ’ ಅಂದೆ.”

ಅಕ್ಕನಿಗೆ ನೆನಪಾಯಿತು. ಮರೆತಿದ್ದರಲ್ಲವೇ ನೆನಪಾಗುವುದು, ಅವಳು ಅದನ್ನು ಮರೆತಿರಲಿಲ್ಲ, ಕಸಕ್ಕೆ ಹಾಕಿದ್ದಳು ಅಷ್ಟೇ. ಹತ್ತೊಂಬತ್ತರ ವಯಸ್ಸು, ಫೇಲಾದ ಅವಮಾನ, ಒಳಗೆ ಹಲ್ಲುಬಿದ್ದ ಏಳು ವರ್ಷದ ಮಕ್ಕಳು. ಅವರ ಪಕ್ಕ ಕೂರುವುದಕ್ಕಿಂತ ಮೆಟ್ಟಿಲೇ ವಾಸಿ ಎನಿಸಿತ್ತು. ಕೂತವಳು ಏಳಲೇ ಇಲ್ಲ.

ತಂಗಿ ಮೂರು ದಿನ ಅವಳ ಜೊತೆ ಪಾಠದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಭಾನುವಾರ ಊಟಕ್ಕೆ ಬರುವುದಿಲ್ಲವೆಂದು ಅಮ್ಮನಿಗೆ ಫೋನಿನಲ್ಲಿ ಹೇಳಿದಳಂತೆ.

ಗುರುವಾರ ಶಾಲೆ ಬಿಟ್ಟ ಮೇಲೆ ತಂಗಿಯ ಮಾತಿನ ತರಗತಿ ಇತ್ತು. ಇಂಗ್ಲಿಷಿಗೆ ಹೆದರುವ ಹತ್ತು ಹನ್ನೆರಡು ಮಕ್ಕಳನ್ನು ಕೂರಿಸಿಕೊಂಡು ಒಂದು ಗಂಟೆ ಮಾತಾಡಿಸುತ್ತಿದ್ದಳು. ಅಕ್ಕ ಚೀಲ ಹೆಗಲಿಗೇರಿಸಿ ಮನೆಗೆ ಹೊರಟವಳು ಆ ಬಾಗಿಲ ಮುಂದೆ ನಿಂತಳು. ಒಳಗೆ ಮಕ್ಕಳು ಒಕ್ಕೊರಲಿನಲ್ಲಿ ಏನೋ ಹೇಳುತ್ತಿದ್ದರು. ಹೋಗುವುದೋ ಬಿಡುವುದೋ ಎಂದು ಎಷ್ಟು ಹೊತ್ತು ನಿಂತಿದ್ದಳೋ.

“ಬಾಗಿಲು ತೆಗೆದಿಟ್ರೆ ಗಾಳಿಗೆ ಹಾಳೆ ಹಾರುತ್ತೆ,” ಎಂದಳು ತಂಗಿ, ಹಲಗೆಯಿಂದ ತಿರುಗದೆಯೇ. “ಒಳಗೆ ಬಂದು ಮುಚ್ಕೋ.”

ಅಕ್ಕ ಒಳಗೆ ಬಂದು ಬಾಗಿಲು ಮುಚ್ಚಿದಳು. ಮೂರನೇ ಬೆಂಚಿನ ಎತ್ತರದ ಹುಡುಗಿ ಗಾಬರಿಯಿಂದ ಎದ್ದು, ಮತ್ತೆ ಕೂತು, ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ತಂಗಿ ಒಬ್ಬೊಬ್ಬರಿಗೂ ಒಂದೊಂದು ವಾಕ್ಯ ಹೇಳಲು ಕೊಟ್ಟಳು. ಹುಡುಗಿ ಹೇಳಿದಳು. ಆಮೇಲೆ ಅಕ್ಕ ನಾಲಿಗೆ ತಡವರಿಸುತ್ತ, ಬೆವರುತ್ತ, ತನ್ನ ವಾಕ್ಯ ಮುಗಿಸಿದಳು.

ತಂಗಿ ಹುಡುಗಿಯ ಕಡೆ ನೋಡಿ “ವೆರಿ ಗುಡ್” ಎಂದಳು. ಅಕ್ಕನಿಗೆ ಏನೂ ಹೇಳದೆ ಮುಂದಿನ ಬೆಂಚಿಗೆ ಹೋದಳು.

ಅಕ್ಕನ ಹೊಟ್ಟೆಯಲ್ಲಿ ಭಗ್ಗೆಂದಿತು. ತನ್ನ ವಾಕ್ಯದಲ್ಲಿ ಏನು ಕಮ್ಮಿಯಾಗಿತ್ತು? ಪಕ್ಕದ ಹುಡುಗಿಯನ್ನು ಓರೆಗಣ್ಣಿನಲ್ಲಿ ನೋಡಿ, ಮುಂದಿನ ಸರದಿ ಬರುವುದರೊಳಗೆ ಅವಳಿಗಿಂತ ಚೆನ್ನಾಗಿ ಹೇಳಬೇಕೆಂದು ತುಟಿಯೊಳಗೇ ಅಭ್ಯಾಸ ಮಾಡತೊಡಗಿದಳು.